ಭಾರತ ಮತ್ತು ಬಾಂಗ್ಲಾದೇಶ: ಜೀವನಮಟ್ಟದ ಹೋಲಿಕೆ

ನೆರೆಹೊರೆಯ ಈ ಎರಡು ದೇಶಗಳ ಜನಜೀವನದ ಹೋಲಿಕೆ ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಬಹುವಾಗಿ ಚರ್ಚೆಯಾಗಿರುವ ವಿಷಯ. ತಲಾ ಆದಾಯದಲ್ಲಿ ಬಹುಕಾಲ ಹಿಂದಿದ್ದ ಬಾಂಗ್ಲಾದೇಶ, ಆಯಸ್ಸು, ಮಕ್ಕಳ ಉಳಿವು ಮತ್ತು ನೈರ್ಮಲ್ಯದಲ್ಲಿ ಭಾರತವನ್ನು ಹಿಂದೆ ಹಾಕಿದ್ದೇ ಇದಕ್ಕೆ ಮುಖ್ಯ ಕಾರಣ. ಜ್ಯಾಂ ದ್ರೇಜ್ ಮತ್ತು ಅಮರ್ತ್ಯ ಸೇನ್ 2013ರಲ್ಲಿ ಪ್ರಕಟಿಸಿದ ‘ಆ್ಯನ್ ಅನ್‌ಸರ್ಟನ್ ಗ್ಲೋರಿ’ ಗ್ರಂಥ ಈ ಚರ್ಚೆಯನ್ನು ವಿಸ್ತಾರವಾಗಿ ಮುಂದಿಟ್ಟಿತು.

ಅಳತೆಗಳು

ಜೀವನಮಟ್ಟವೆಂದರೆ ಆದಾಯವೊಂದೇ ಅಲ್ಲ ಎಂಬ ತಿಳಿವಳಿಕೆಯಿಂದ ಹುಟ್ಟಿದ್ದು ಮಾನವ ಅಭಿವೃದ್ಧಿ ಸೂಚ್ಯಂಕ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಸೇನ್ ಅವರ ನೆರವಿನೊಂದಿಗೆ ರೂಪುಗೊಂಡ ಇದನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 1990ರಿಂದ ಪ್ರಕಟಿಸುತ್ತಿದೆ. ಆಯಸ್ಸು, ಶಿಕ್ಷಣ ಮತ್ತು ಕೊಳ್ಳುವ ಶಕ್ತಿಗೆ ಹೊಂದಿಸಿದ ತಲಾ ಆದಾಯ ಇದರ ಮೂರು ಅಂಗಗಳು. 2025ರ ವರದಿಯಲ್ಲಿ ಎರಡೂ ದೇಶಗಳಿಗೆ ದೊರೆತ ಅಂಕ 0.685, ಸ್ಥಾನ 130. ಆದರೆ ಒಂದೇ ಅಂಕಕ್ಕೆ ಅವು ಬೇರೆ ಬೇರೆ ದಾರಿಯಿಂದ ಬಂದಿವೆ. ನಿರೀಕ್ಷಿತ ಆಯಸ್ಸು ಭಾರತದಲ್ಲಿ 72 ವರ್ಷ, ಬಾಂಗ್ಲಾದೇಶದಲ್ಲಿ ಸುಮಾರು 74.7 ವರ್ಷ. ತಲಾ ಆದಾಯ ಮತ್ತು ಶಾಲಾ ಶಿಕ್ಷಣದ ವರ್ಷಗಳಲ್ಲಿ ಭಾರತ ತುಸು ಮುಂದಿದೆ.

ಹಿನ್ನೆಲೆ

ಬಾಂಗ್ಲಾದೇಶದ ಆರಂಭ ಅತ್ಯಂತ ಕಷ್ಟದ್ದು. 1970ರ ನವೆಂಬರಿನ ಭೋಲಾ ಚಂಡಮಾರುತಕ್ಕೆ ಲಕ್ಷಾಂತರ ಜನ ಬಲಿಯಾದರು. 1971ರಲ್ಲಿ ವಿಮೋಚನಾ ಯುದ್ಧ, 1974ರಲ್ಲಿ ಕ್ಷಾಮ. ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಚಿಕ್ಕದಾದ, ಸುಮಾರು 1.48 ಲಕ್ಷ ಚದರ ಕಿ.ಮೀ.ನ ಈ ದೇಶದಲ್ಲಿ ಇಂದು 17 ಕೋಟಿಗೂ ಹೆಚ್ಚು ಜನರಿದ್ದಾರೆ. ವಿಶ್ವಸಂಸ್ಥೆ 1975ರಲ್ಲಿ ಇದನ್ನು ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿಸಿತು.

ಆರೋಗ್ಯ

1990ರ ಸುಮಾರಿನಲ್ಲಿ ಶಿಶುಮರಣ ಪ್ರಮಾಣ ಬಾಂಗ್ಲಾದೇಶದಲ್ಲೇ ಹೆಚ್ಚಿತ್ತು. ಮುಂದಿನ ಎರಡು ದಶಕಗಳಲ್ಲಿ ಅದು ಭಾರತಕ್ಕಿಂತ ವೇಗವಾಗಿ ಇಳಿಯಿತು. ಇದಕ್ಕೆ ದೊಡ್ಡ ಆಸ್ಪತ್ರೆಗಳಿಗಿಂತ ಲಸಿಕೆ, ಕುಟುಂಬ ಯೋಜನೆ, ವಾಂತಿಭೇದಿಯ ಚಿಕಿತ್ಸೆಯಂಥ ಕಡಿಮೆ ಖರ್ಚಿನ ಕ್ರಮಗಳು ಮನೆಮನೆ ತಲುಪಿದ್ದು ಕಾರಣ.

ಉಪ್ಪು-ಸಕ್ಕರೆ ದ್ರಾವಣದ ಪ್ರಚಾರ ಇದಕ್ಕೆ ಒಳ್ಳೆಯ ಉದಾಹರಣೆ. ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯ ಮತ್ತು ಕೋಲ್ಕತ್ತಾದ ವೈದ್ಯರು 1960ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿದ್ದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವುಗಳನ್ನು ತಗ್ಗಿಸಿದರು. ಅದನ್ನು ಹಳ್ಳಿಯ ಒಲೆಯ ತನಕ ಒಯ್ದದ್ದು ಫಜ್ಲೆ ಹಸನ್ ಅಬೆದ್ 1972ರಲ್ಲಿ ಕಟ್ಟಿದ ಬ್ರಾಕ್ ಸಂಸ್ಥೆ. 1980ರಿಂದ ಹತ್ತು ವರ್ಷ ಅದರ ಕಾರ್ಯಕರ್ತೆಯರು 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ತಾಯಂದಿರ ಕೈಯಿಂದಲೇ ದ್ರಾವಣ ಮಾಡಿಸಿದರು: ಅರ್ಧ ಸೇರು ನೀರು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಕೆಲವು ವಾರಗಳ ಬಳಿಕ ಮೇಲ್ವಿಚಾರಕರು ಬಂದು, ತಾಯಂದಿರಿಗೆ ಎಷ್ಟು ನೆನಪಿದೆ ಎಂದು ಪರೀಕ್ಷಿಸುತ್ತಿದ್ದರು. ಕಾರ್ಯಕರ್ತೆಯ ಸಂಬಳ ಆ ಉತ್ತರಗಳ ಮೇಲೆ ನಿಂತಿತ್ತು.

ಮಕ್ಕಳ ಪೌಷ್ಟಿಕತೆಯಲ್ಲೂ ಅಂತರವಿದೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ಭಾರತದಲ್ಲಿ ಶೇ 35.5 (2019–21), ಬಾಂಗ್ಲಾದೇಶದಲ್ಲಿ ಶೇ 24 (2022).

ನೀರು ಮತ್ತು ನೈರ್ಮಲ್ಯ

ಬಾಂಗ್ಲಾದೇಶದಲ್ಲಿ ಬಯಲು ಶೌಚ ಬಹುಮಟ್ಟಿಗೆ ನಿಂತದ್ದು ಸಾದಾ ಗುಂಡಿ ಶೌಚಾಲಯಗಳಿಂದ. ಊರಿನವರನ್ನೇ ಮುಂದೆ ಮಾಡಿ ಬಯಲು ಶೌಚ ಬಿಡಿಸುವ ವಿಧಾನ ರಾಜಶಾಹಿ ಜಿಲ್ಲೆಯಲ್ಲಿ 2000ರ ಹೊತ್ತಿಗೆ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿತು. ಭಾರತದಲ್ಲಿ 2014ರ ಸ್ವಚ್ಛ ಭಾರತ ಅಭಿಯಾನದ ನಂತರ ಶೌಚಾಲಯಗಳ ಸಂಖ್ಯೆ ಬಹಳ ಏರಿತು. ಕುಡಿಯುವ ನೀರಿನಲ್ಲಿ ಬಾಂಗ್ಲಾದೇಶಕ್ಕೆ ಎದುರಾದದ್ದು ಬೇರೆ ಸಂಕಟ. ಕೆರೆನೀರಿನ ರೋಗಗಳನ್ನು ತಪ್ಪಿಸಲು ಕೊರೆಸಿದ ಲಕ್ಷಾಂತರ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇರುವುದು 1993ರಲ್ಲಿ ಪತ್ತೆಯಾಯಿತು. ಗಡಿಯಾಚೆಯ ಪಶ್ಚಿಮ ಬಂಗಾಳದಲ್ಲೂ ಇದೇ ಸಮಸ್ಯೆಯಿದೆ.

ಮಹಿಳೆಯರ ಸ್ಥಿತಿ

ಮುಹಮ್ಮದ್ ಯೂನುಸ್ ಅವರ ಗ್ರಾಮೀಣ್ ಬ್ಯಾಂಕ್ (1983) ಬಡ ಹೆಂಗಸರಿಗೆ ಅಡಮಾನವಿಲ್ಲದೆ ಸಾಲ ಕೊಟ್ಟಿತು. ಪ್ರೌಢಶಾಲೆಗೆ ಹೋಗುವ ಗ್ರಾಮೀಣ ಹುಡುಗಿಯರಿಗೆ 1994ರಲ್ಲಿ ದೇಶವ್ಯಾಪಿ ವಿದ್ಯಾರ್ಥಿವೇತನ ಬಂತು. ಸಿದ್ಧ ಉಡುಪಿನ ಕಾರ್ಖಾನೆಗಳು ಸುಮಾರು 40 ಲಕ್ಷ ಜನರಿಗೆ ಕೆಲಸ ಕೊಟ್ಟಿವೆ. ಅವರಲ್ಲಿ ಹೆಂಗಸರೇ ಹೆಚ್ಚು. ಆದರೆ ಈ ದುಡಿಮೆಯ ಕರಾಳ ಮುಖವನ್ನು 2013ರ ಏಪ್ರಿಲ್ 24ರಂದು ಕುಸಿದ ರಾಣಾ ಪ್ಲಾಜಾ ಕಟ್ಟಡ ತೋರಿಸಿತು. ಅಲ್ಲಿ 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಬಾಲ್ಯವಿವಾಹದಲ್ಲಿ ಬಾಂಗ್ಲಾದೇಶ ಬಹಳ ಹಿಂದಿದೆ: 20–24ರ ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮುನ್ನ ಮದುವೆಯಾದವರು ಅಲ್ಲಿ ಸುಮಾರು ಅರ್ಧದಷ್ಟು, ಭಾರತದಲ್ಲಿ ಶೇ 23.

ಆದಾಯ ಮತ್ತು ಉದ್ಯೋಗ

2020ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ವರ್ಷದ ತಲಾ ಜಿಡಿಪಿಯನ್ನು ಬಾಂಗ್ಲಾದೇಶಕ್ಕೆ 1,888 ಡಾಲರ್, ಭಾರತಕ್ಕೆ 1,877 ಡಾಲರ್ ಎಂದು ಅಂದಾಜಿಸಿದಾಗ ಭಾರತದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದು ವಿನಿಮಯ ದರದ ಲೆಕ್ಕ, ಅದೂ ಕೋವಿಡ್ ಲಾಕ್‌ಡೌನ್‌ನಿಂದ ಭಾರತದ ಉತ್ಪಾದನೆ ಕುಸಿದಿದ್ದ ವರ್ಷದ್ದು. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಭಾರತವೇ ಮುಂದಿತ್ತು. ಭಾರತದ ಅರ್ಥವ್ಯವಸ್ಥೆಗೆ ಸಾಫ್ಟ್‌ವೇರ್, ಔಷಧ, ವಾಹನ ಎಂದು ಹಲವು ಆಸರೆಗಳಿವೆ. ಬಾಂಗ್ಲಾದೇಶದ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಉಡುಪಿನದೇ. ಓದಿದ ಯುವಕರಿಗೆ ಕೆಲಸವಿಲ್ಲದಿರುವುದು ಎರಡೂ ಕಡೆಯ ಕೊರಗು. ಸರಕಾರಿ ನೌಕರಿಯ ಮೀಸಲಾತಿಯ ವಿರುದ್ಧ ಢಾಕಾದಲ್ಲಿ ಎದ್ದ ವಿದ್ಯಾರ್ಥಿ ಚಳವಳಿ 2024ರ ಆಗಸ್ಟಿನಲ್ಲಿ ಶೇಖ್ ಹಸೀನಾ ಸರಕಾರವನ್ನೇ ಉರುಳಿಸಿತು.

ಹೋಲಿಕೆಯ ಮಿತಿಗಳು

140 ಕೋಟಿ ಜನರ ಒಕ್ಕೂಟವನ್ನು ಒಂದೇ ನುಡಿಯ ಬಹುಸಂಖ್ಯಾತರಿರುವ, ಕೇಂದ್ರೀಕೃತ ಆಡಳಿತದ ದೇಶದೊಂದಿಗೆ ಸರಾಸರಿಗಳಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ. ಭಾರತದಲ್ಲಿ ಆರೋಗ್ಯ ರಾಜ್ಯಗಳ ಹೊಣೆ. ಫಲಿತಾಂಶವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2020ರ ಮಾದರಿ ನೋಂದಣಿ ಸಮೀಕ್ಷೆಯಂತೆ ಸಾವಿರ ಜನನಕ್ಕೆ ಶಿಶುಮರಣ ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43, ಇಡೀ ದೇಶದಲ್ಲಿ 28. ಬಾಂಗ್ಲಾದೇಶದ ಸ್ವಂತ ಸಮೀಕ್ಷೆಯಲ್ಲಿ ಅದೇ ವರ್ಷದ ಅಂಕಿ ಸುಮಾರು 21. ಎರಡು ದೇಶಗಳ ನಡುವಿನ ಅಂತರಕ್ಕಿಂತ ಭಾರತದೊಳಗಿನ ಅಂತರವೇ ಹಲವು ಪಟ್ಟು ದೊಡ್ಡದು.