ದೂರವಾಣಿ ಮೊಕದ್ದಮೆಗಳು ಮತ್ತು ನ್ಯಾಯವಾದಿ ಜೇಮ್ಸ್ ಸ್ಟಾರೋ

ಅಮೆರಿಕದ ದೂರವಾಣಿ ಉದ್ಯಮದ ಚರಿತ್ರೆಯನ್ನು ಸಾಮಾನ್ಯವಾಗಿ ಸಂಶೋಧಕರ ಚರಿತ್ರೆಯಾಗಿ ಬರೆಯಲಾಗಿದೆ. ಆದರೆ ಆ ಉದ್ಯಮದ ಸ್ವರೂಪವನ್ನು ನಿರ್ಧರಿಸುವಲ್ಲಿ ಪ್ರಯೋಗಶಾಲೆಗಿದ್ದಷ್ಟೇ ಪಾತ್ರ ನ್ಯಾಯಾಲಯಕ್ಕೂ ಇತ್ತು. ಈ ದೃಷ್ಟಿಯಿಂದ ಬೆಲ್ ಕಂಪನಿಯ ಪೇಟೆಂಟನ್ನು ಸಮರ್ಥಿಸಿದ ಬಾಸ್ಟನ್ನಿನ ವಕೀಲ ಜೇಮ್ಸ್ ಜಾಕ್ಸನ್ ಸ್ಟಾರೋ (1837-1897) ಅವರ ವೃತ್ತಿಜೀವನ ಪರಿಶೀಲನಾರ್ಹವಾದುದು.

ಅಲೆಗ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ಪೇಟೆಂಟ್ ದೊರೆತದ್ದು 1876ರ ಮಾರ್ಚ್ 7ರಂದು. ಆಗ ಅತ್ಯಂತ ಬಲಿಷ್ಠವಾಗಿದ್ದ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಯೂ ದೂರವಾಣಿ ವ್ಯವಹಾರಕ್ಕಿಳಿದಾಗ, 1878ರಲ್ಲಿ ಬೆಲ್ ಪಕ್ಷ ದಾವೆ ಹೂಡಿತು. ಚೌನ್ಸಿ ಸ್ಮಿತ್ ಅವರೊಡನೆ ಸ್ಟಾರೋ ಇದನ್ನು ನಡೆಸಿದರು. 1879ರ ನವೆಂಬರಿನಲ್ಲಿ ರಾಜಿಯಾಯಿತು: ವೆಸ್ಟರ್ನ್ ಯೂನಿಯನ್ ದೂರವಾಣಿ ಕ್ಷೇತ್ರದಿಂದ ಹಿಂದೆ ಸರಿಯಿತು, ಪ್ರತಿಯಾಗಿ 17 ವರ್ಷಗಳವರೆಗೆ ಬಾಡಿಗೆ ಆದಾಯದಲ್ಲಿ ಶೇ. 20ರಷ್ಟು ಪಾಲು ಪಡೆಯಿತು.

ಆದರೆ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಪೇಟೆಂಟಿನ ಅವಧಿಯಲ್ಲಿ ನೂರಾರು ದಾವೆಗಳು ನಡೆದವು. ಸ್ಟಾರೋ ಎದುರಿಸಬೇಕಾದ ಕಾನೂನಿನ ತೊಡಕುಗಳು ಮುಖ್ಯವಾಗಿ ಎರಡು. ವಿದ್ಯುತ್ತಿನಿಂದ ದೂರಕ್ಕೆ ಬರೆಯುವ ಎಲ್ಲ ವಿಧಾನಗಳ ಮೇಲೂ ಮೋರ್ಸ್ ಕೇಳಿದ್ದ ಹಕ್ಕನ್ನು ಸುಪ್ರೀಂ ಕೋರ್ಟು 1854ರಲ್ಲಿ ನಿರಾಕರಿಸಿತ್ತು. ಬೆಲ್ ಅವರ ಐದನೆಯ ಹಕ್ಕೂ ಅಂಥದೇ ಎಂಬುದು ಎದುರಾಳಿಗಳ ವಾದ. ಜೊತೆಗೆ, ಪೇಟೆಂಟ್ ದೊರೆತಾಗ ಬೆಲ್ ಮಾತನ್ನು ಸ್ಪಷ್ಟವಾಗಿ ರವಾನಿಸಿಯೇ ಇರಲಿಲ್ಲ. ಅದು ಸಾಧ್ಯವಾದದ್ದು ಮಾರ್ಚ್ 10ರಂದು. ಬೆಲ್ ಪಕ್ಷದ ಉತ್ತರವೆಂದರೆ, ಹಕ್ಕು ಕೇಳಿರುವುದು ವಿದ್ಯುತ್ತಿನ ಎಲ್ಲ ಬಳಕೆಯ ಮೇಲಲ್ಲ, ಧ್ವನಿಯ ಅಲೆಗಳಿಗೆ ಅನುರೂಪವಾಗಿ ಏರಿಳಿಯುವ ಅಖಂಡ ಪ್ರವಾಹದ ವಿಧಾನದ ಮೇಲೆ. ಆ ವಿಧಾನವನ್ನು ಸಮರ್ಪಕವಾಗಿ ವಿವರಿಸಿದ್ದರೆ ಸಾಕು ಎಂಬುದು.

ಇದಕ್ಕಿಂತ ಕಠಿಣವಾದದ್ದು ಡೇನಿಯಲ್ ಡ್ರಾಬಾ ಅವರ ಪ್ರಕರಣ. ಪೆನ್ಸಿಲ್ವೇನಿಯಾದ ಹಳ್ಳಿಯೊಂದರ ಈ ಯಂತ್ರಕುಶಲಿ ಬೆಲ್‌ಗಿಂತ ಮೊದಲೇ ದೂರವಾಣಿ ರಚಿಸಿದ್ದರೆಂದು ಹೇಳಲು ನೂರಾರು ಸಾಕ್ಷಿಗಳನ್ನು ಮುಂದಿಡಲಾಯಿತು. ಲಿಖಿತ ಆಧಾರ ಮಾತ್ರ ಇರಲಿಲ್ಲ. 1888ರ ಮಾರ್ಚ್ 19ರಂದು ಸುಪ್ರೀಂ ಕೋರ್ಟು 4-3ರ ಬಹುಮತದಿಂದ ಬೆಲ್ ಪೇಟೆಂಟನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪು ಮುಖ್ಯ ನ್ಯಾಯಮೂರ್ತಿ ವೇಟ್ ಅವರದು. ನ್ಯಾಯಮೂರ್ತಿ ಬ್ರಾಡ್ಲಿ ತಮ್ಮ ಭಿನ್ನಮತದಲ್ಲಿ ಡ್ರಾಬಾ ಅವರ ಆದ್ಯತೆಯನ್ನು ಒಪ್ಪಿದರು. ಫೀಲ್ಡ್ ಮತ್ತು ಹಾರ್ಲನ್ ಅವರಿಗೆ ಜೊತೆಯಾದರು. ಆ ನ್ಯಾಯಾಲಯದ ವರದಿಗಳ 126ನೆಯ ಸಂಪುಟ ಇಡಿಯಾಗಿ ಈ ಮೊಕದ್ದಮೆಗಳಿಗೇ ಮೀಸಲಾಯಿತು.

ಒಬ್ಬ ನ್ಯಾಯಾಧೀಶರ ಮತ ಬದಲಾಗಿದ್ದರೆ ಒಂದು ಮಹಾ ಉದ್ಯಮದ ಒಡೆತನವೇ ಬದಲಾಗುತ್ತಿತ್ತು. ಗ್ರಾಮೀಣ ಜನರ ನೆನಪು ಮತ್ತು ಕಾಗದದ ದಾಖಲೆ ಇದಿರಾದಾಗ ಕಾನೂನು ದಾಖಲೆಯನ್ನೇ ನಂಬಿತು. ಬಹುಕಾಲದ ನಂತರ ಹೇಳಿದ ನೆನಪು ಪ್ರಮಾದಕ್ಕೊಳಗಾಗಬಹುದೆಂಬುದು ನಿಜ. ಬರೆದಿಡುವ ಅನುಕೂಲವಿಲ್ಲದವರ ಸಾಧನೆ ಚರಿತ್ರೆಯಿಂದ ಜಾರಿಹೋಗಬಹುದೆಂಬುದೂ ಅಷ್ಟೇ ನಿಜ. ಸ್ಟಾರೋ ಗಳಿಸಿಕೊಟ್ಟ ಏಕಸ್ವಾಮ್ಯಕ್ಕೂ ಕಾಲಮಿತಿಯಿತ್ತು. 1893 ಮತ್ತು 1894ರಲ್ಲಿ ಬೆಲ್ ಅವರ ಎರಡು ಮೂಲ ಪೇಟೆಂಟುಗಳ ಅವಧಿ ಮುಗಿದೊಡನೆ, ಬೆಲ್ ಕಂಪನಿ ಅಲಕ್ಷಿಸಿದ್ದ ಹಳ್ಳಿ-ಪಟ್ಟಣಗಳಲ್ಲಿ ಸ್ವತಂತ್ರ ದೂರವಾಣಿ ಕಂಪನಿಗಳು ತಲೆಯೆತ್ತಿದವು.