ಹಾರ್ಮೋನು, ಚಯಾಪಚಯ ಮತ್ತು ಮಧುಮೇಹ ಸಂಶೋಧನಾ ನಿಯತಕಾಲಿಕೆಗಳು – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಧುಮೇಹ ತಪಾಸಣೆಗೆ ಒಳಗಾಗುವ ನಾಗರಿಕರ ಚೀಟಿಯಲ್ಲಿ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ಪ್ರಮಾಣ ಮುಂತಾದ ಅಂಕಿಗಳನ್ನು ನಮೂದಿಸಲಾಗುತ್ತದೆ. ಯಾವ ಅಂಕಿಯವರೆಗೆ ಸಹಜ, ಯಾವ ಅಂಕಿಯಿಂದ ಮೇಲೆ ಎಚ್ಚರಿಕೆ ಅಗತ್ಯ ಎಂಬುದು ದೀರ್ಘಕಾಲದ ಸಂಶೋಧನೆಯಿಂದ ನಿರ್ಧಾರವಾಗಿರುತ್ತದೆ. ಅಂತಹ ಸಂಶೋಧನೆಯು ಬರಹರೂಪದಲ್ಲಿ ಪ್ರಕಟವಾಗಿ ಇತರ ತಜ್ಞರ ವಿಮರ್ಶೆಗೆ ಒಳಪಡುವ ಸ್ಥಳವೇ ವೈದ್ಯಕೀಯ ನಿಯತಕಾಲಿಕೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ, ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವೂ 13.6 ಕೋಟಿ ಜನರಿಗೆ ಮಧುಮೇಹದ ಪೂರ್ವಸ್ಥಿತಿಯೂ ಇವೆ. ಇಷ್ಟು ದೊಡ್ಡ ಜನಸಮುದಾಯಕ್ಕೆ ಅನ್ಯದೇಶದ ಜನರನ್ನು ಅಳೆದು ಪಡೆದ ಅಂಕಿಗಳನ್ನು ಹಾಗೆಯೇ ಅನ್ವಯಿಸಲು ಸಾಧ್ಯವೇ ಎಂಬುದು ಮುಖ್ಯವಾದ ಪ್ರಶ್ನೆಯಾಗಿದೆ. ಈ ಪುಟದಲ್ಲಿ ಸದರಿ ನಿಯತಕಾಲಿಕೆಗಳ ಸ್ವರೂಪ, ಅವುಗಳ ಅಗತ್ಯ, ಲೇಖನಗಳನ್ನು ಓದುವಾಗ ಗಮನಿಸಬೇಕಾದ ಅಂಶಗಳು ಹಾಗೂ ಸಂಶೋಧನೆಯಲ್ಲಿ ಭಾಗವಹಿಸುವವರ ಹಕ್ಕುಗಳನ್ನು ವಿವರಿಸಲಾಗಿದೆ.

1. ನಿಯತಕಾಲಿಕೆಯ ಪರಿಚಯ

ಥೈರಾಯಿಡ್, ಮೇದೋಜೀರಕ, ಪಿಟ್ಯುಟರಿ ಮುಂತಾದ ಗ್ರಂಥಿಗಳು ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಸ್ರವಿಸುತ್ತವೆ. ಇವುಗಳ ಅಧ್ಯಯನವನ್ನು ನಿರ್ನಾಳ ಗ್ರಂಥಿಶಾಸ್ತ್ರ ಎನ್ನಲಾಗುತ್ತದೆ. ಆಹಾರವು ದೇಹದಲ್ಲಿ ಶಕ್ತಿಯಾಗಿ ಪರಿವರ್ತನೆ ಹೊಂದುವ ಕ್ರಿಯೆಗಳ ಸಮೂಹಕ್ಕೆ ಚಯಾಪಚಯ ಎಂದು ಹೆಸರು. ಇನ್ಸುಲಿನ್ ಹಾರ್ಮೋನಿನ ಕೊರತೆ ಅಥವಾ ಅದರ ಪರಿಣಾಮ ಕುಂಠಿತವಾಗುವುದರಿಂದ ಮಧುಮೇಹ ಉಂಟಾಗುವುದರಿಂದ, ಈ ಮೂರೂ ವಿಷಯಗಳು ಸಾಮಾನ್ಯವಾಗಿ ಒಂದೇ ಪತ್ರಿಕೆಯಲ್ಲಿ ಸೇರಿರುತ್ತವೆ.

ಭಾರತದಲ್ಲಿ ಈ ಕ್ಷೇತ್ರದ ಪ್ರಮುಖ ಪತ್ರಿಕೆ ‘ಇಂಡಿಯನ್ ಜರ್ನಲ್ ಆಫ್ ಎಂಡೋಕ್ರೈನಾಲಜಿ ಅಂಡ್ ಮೆಟಬಾಲಿಸಂ’. ಇದು ಎಂಡೋಕ್ರೈನ್ ಸೊಸೈಟಿ ಆಫ್ ಇಂಡಿಯಾ ಎಂಬ ತಜ್ಞರ ಸಂಘದ ಅಧಿಕೃತ ಪ್ರಕಟಣೆಯಾಗಿದ್ದು, ಎರಡು ತಿಂಗಳಿಗೊಮ್ಮೆ ಹೊರಬರುತ್ತದೆ. ಇದರ ಲೇಖನಗಳನ್ನು ಅಂತರಜಾಲದಲ್ಲಿ ಯಾವುದೇ ಶುಲ್ಕವಿಲ್ಲದೆ ಓದಬಹುದಾಗಿದೆ. 1972ರಲ್ಲಿ ಸ್ಥಾಪನೆಯಾದ ಭಾರತೀಯ ಮಧುಮೇಹ ಅಧ್ಯಯನ ಸಂಶೋಧನಾ ಸಂಘವೂ ಮಧುಮೇಹಕ್ಕೇ ಮೀಸಲಾದ ಪ್ರತ್ಯೇಕ ಪತ್ರಿಕೆಯನ್ನು ಹೊಂದಿದೆ.

2. ಸ್ವದೇಶಿ ಸಂಶೋಧನೆಯ ಅಗತ್ಯ

ಈ ಕೆಳಕಂಡ ಉದಾಹರಣೆಗಳಿಂದ ಸ್ಥಳೀಯ ಸಂಶೋಧನೆಯ ಮಹತ್ವವನ್ನು ತಿಳಿಯಬಹುದಾಗಿದೆ.

ಅ) ಅಯೋಡಿನ್‌ಯುಕ್ತ ಉಪ್ಪು: ಇಂದಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ರೋಗ ವ್ಯಾಪಕವಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡು ವಲಯಗಳಿಗೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಒಂದು ವಲಯಕ್ಕೆ ಸಾಧಾರಣ ಉಪ್ಪನ್ನೂ ಪೂರೈಸುವ ಅಧ್ಯಯನವನ್ನು ಆರಂಭಿಸಿದರು. ಅಯೋಡಿನ್ ದೊರೆತ ವಲಯಗಳಲ್ಲಿ ಶಾಲಾ ಮಕ್ಕಳ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಇಂದು ಪ್ರತಿ ಮನೆಯ ಅಡುಗೆಯಲ್ಲಿ ಬಳಕೆಯಾಗುವ ಅಯೋಡಿನ್‌ಯುಕ್ತ ಉಪ್ಪಿನ ಹಿಂದೆ ಈ ಸಂಶೋಧನೆಯಿದೆ.

ಆ) ತೂಕದ ಮಾನದಂಡ: ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೇಹ ತೂಕ ಸೂಚ್ಯಂಕ ದೊರೆಯುತ್ತದೆ. ವಿಶ್ವದ ಸಾಮಾನ್ಯ ಮಾನದಂಡದಂತೆ ಇದು 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಆದರೆ ಅಷ್ಟೇ ಸೂಚ್ಯಂಕವುಳ್ಳ ಯುರೋಪಿಯನ್ನರಿಗೆ ಹೋಲಿಸಿದಲ್ಲಿ ಭಾರತೀಯರ ದೇಹದಲ್ಲಿ ಕೊಬ್ಬಿನ ಪ್ರಮಾಣ, ವಿಶೇಷವಾಗಿ ಹೊಟ್ಟೆಯ ಭಾಗದ ಕೊಬ್ಬು ಹೆಚ್ಚಾಗಿರುವುದು ಕಂಡುಬಂದಿದೆ. ಆದ್ದರಿಂದ 2009ರಲ್ಲಿ ಭಾರತೀಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಹೇಳಿಕೆಯು 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಿಗದಿಪಡಿಸಿತು. ಸೊಂಟದ ಸುತ್ತಳತೆಯ ಮಿತಿಯು ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಆಗಿರುತ್ತದೆ. ಉದಾಹರಣೆಗೆ, 160 ಸೆಂ.ಮೀ. ಎತ್ತರ ಮತ್ತು 62 ಕಿ.ಗ್ರಾಂ. ತೂಕವಿರುವ ವ್ಯಕ್ತಿಯ ಸೂಚ್ಯಂಕ ಸುಮಾರು 24.2. ವಿಶ್ವದ ಮಾನದಂಡದಂತೆ ಇವರು ಸಹಜ ತೂಕದವರು. ಭಾರತೀಯ ಮಾನದಂಡದಂತೆ ಅಧಿಕ ತೂಕದವರು. ಹಳೆಯ ಅಂಕಿಯನ್ನೇ ನೆಚ್ಚಿಕೊಂಡಲ್ಲಿ ಇಂತಹವರು ತಮಗೆ ಅಪಾಯವಿಲ್ಲವೆಂದು ತಿಳಿದು ತಪಾಸಣೆಯಿಂದ ಹೊರಗುಳಿಯುವ ಸಂಭವವಿದೆ.

ಇ) ಗರ್ಭಿಣಿಯರ ಮಧುಮೇಹ ಪರೀಕ್ಷೆ: ಹಲವು ದೇಶಗಳಲ್ಲಿ ಈ ಪರೀಕ್ಷೆಗೆ ಗರ್ಭಿಣಿಯು ಬರಿಹೊಟ್ಟೆಯಲ್ಲಿ ಬರಬೇಕಾಗುತ್ತದೆ. ದೂರದ ಗ್ರಾಮಗಳಿಂದ ಬರುವ ಮಹಿಳೆಯರಿಗೆ ಇದು ಕಷ್ಟಸಾಧ್ಯ. ಮತ್ತೊಂದು ದಿನ ಬರುವಂತೆ ಹೇಳಿದಲ್ಲಿ ಅನೇಕರು ಬಾರದೆ ಉಳಿಯಬಹುದು. ಇದನ್ನು ಮನಗಂಡು ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಸಹೋದ್ಯೋಗಿಗಳು, ಊಟ ಮಾಡಿದ್ದರೂ ಇಲ್ಲದಿದ್ದರೂ ಒಂದೇ ಭೇಟಿಯಲ್ಲಿ ಮುಗಿಯುವ ಪರೀಕ್ಷೆಯನ್ನು ಪ್ರತಿಪಾದಿಸಿದರು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 2 ಗಂಟೆಗಳ ನಂತರ ರಕ್ತದ ಸಕ್ಕರೆಯು 140 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಗರ್ಭಾವಸ್ಥೆಯ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯು ಈ ವಿಧಾನವನ್ನು ಅಂಗೀಕರಿಸಿದೆ. ಅದರಂತೆ ಗರ್ಭಿಣಿಯ ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಮಧುಮೇಹ ಕಂಡುಬಾರದಿದ್ದಲ್ಲಿ 24ರಿಂದ 28ನೇ ವಾರದ ನಡುವೆ ಮತ್ತೊಮ್ಮೆ ಪರೀಕ್ಷೆ ನಡೆಸಬೇಕು.

ಈ) ಮೈಸೂರಿನ ಅಧ್ಯಯನ: ಕಡಿಮೆ ತೂಕದಲ್ಲಿ ಜನಿಸಿದವರಿಗೆ ಮುಂದೆ ಮಧುಮೇಹದ ಸಂಭವ ಹೆಚ್ಚು ಎಂದು ಇಂಗ್ಲೆಂಡಿನ ಅಧ್ಯಯನಗಳು ತಿಳಿಸಿದ್ದವು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನಬಳಕೆಯ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಜನಿಸಿದ ಶಿಶುಗಳ ಅಳತೆಯ ದಾಖಲೆಗಳು ಉಳಿದುಬಂದಿದ್ದವು. ಅಲ್ಲಿ ಜನಿಸಿ ಮಧ್ಯವಯಸ್ಸು ತಲುಪಿದವರನ್ನು ಹುಡುಕಿ ಪರೀಕ್ಷಿಸಿದಾಗ, ಉದ್ದ ಕಡಿಮೆಯಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿ ಜನಿಸಿದವರಲ್ಲಿ ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿರುವುದು ಕಂಡುಬಂದಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶವು ತಾಯಿಯ ಆರೋಗ್ಯಕ್ಕೂ ಮಗುವಿನ ಮುಂದಿನ ಜೀವನಕ್ಕೂ ಇರುವ ಸಂಬಂಧದತ್ತ ಗಮನ ಸೆಳೆಯಿತು. ಆಸ್ಪತ್ರೆಯ ಹಳೆಯ ದಾಖಲೆಯೂ ಸಂಶೋಧನೆಗೆ ಆಧಾರವಾಗಬಲ್ಲದು ಎಂಬುದಕ್ಕೆ ಇದು ನಿದರ್ಶನವಾಗಿದೆ.

ಉ) ಮಧುಮೇಹ ತಡೆಗಟ್ಟುವಿಕೆ: 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹದ ಪೂರ್ವಸ್ಥಿತಿಯಲ್ಲಿದ್ದ 531 ಜನರನ್ನು ಸೇರಿಸಿಕೊಳ್ಳಲಾಗಿತ್ತು. 3 ವರ್ಷಗಳಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರ ಪೈಕಿ ಶೇ. 55 ಜನರಿಗೆ ಮಧುಮೇಹ ಬಂದಿತು. ಆಹಾರ ಮತ್ತು ವ್ಯಾಯಾಮದ ಕ್ರಮ ಅನುಸರಿಸಿದವರ ಪೈಕಿ ಶೇ. 39.3 ಜನರಿಗೆ ಮಾತ್ರ ಬಂದಿತು. ಮಾತ್ರೆಯನ್ನೂ ಜೊತೆಗೂಡಿಸಿದ್ದರಿಂದ ಹೆಚ್ಚುವರಿ ಪ್ರಯೋಜನ ಕಂಡುಬರಲಿಲ್ಲ.

ಮೇಲ್ಕಂಡ ಅಧ್ಯಯನಗಳೆಲ್ಲವೂ ಒಂದೇ ಪತ್ರಿಕೆಯಲ್ಲಿ ಪ್ರಕಟವಾದವುಗಳಲ್ಲ. ಕೆಲವು ವಿದೇಶಿ ಪತ್ರಿಕೆಗಳಲ್ಲಿಯೂ ಪ್ರಕಟವಾಗಿವೆ. ಆದರೆ ಸ್ಥಳೀಯ ವೈದ್ಯರ ದಿನನಿತ್ಯದ ಅಗತ್ಯಕ್ಕೆ ಸಂಬಂಧಿಸಿದ ವಿಷಯಗಳಿಗೆ ಸ್ವದೇಶಿ ಪತ್ರಿಕೆಯೇ ಸಹಜ ನೆಲೆಯಾಗಿರುತ್ತದೆ. ಇನ್ಸುಲಿನ್ ಚುಚ್ಚುಮದ್ದಿನ ಸರಿಯಾದ ವಿಧಾನದ ಕುರಿತು ಭಾರತೀಯ ಶಿಫಾರಸುಗಳು 2012 ಮತ್ತು 2015ರಲ್ಲಿ ಇಂಡಿಯನ್ ಜರ್ನಲ್ ಆಫ್ ಎಂಡೋಕ್ರೈನಾಲಜಿ ಅಂಡ್ ಮೆಟಬಾಲಿಸಂನಲ್ಲಿಯೇ ಪ್ರಕಟವಾದವು. ಒಂದೇ ಜಾಗದಲ್ಲಿ ಪದೇ ಪದೇ ಚುಚ್ಚಿಕೊಂಡಲ್ಲಿ ಚರ್ಮದಡಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರಲ್ಪಡುವುದಿಲ್ಲವಾದ್ದರಿಂದ ಜಾಗವನ್ನು ಬದಲಾಯಿಸುತ್ತಿರಬೇಕು ಎಂಬುದು ಇಂತಹ ಶಿಫಾರಸುಗಳ ಮುಖ್ಯ ಅಂಶವಾಗಿದೆ.

3. ಲೇಖನ ಪ್ರಕಟವಾಗುವ ವಿಧಾನ

ಸಂಶೋಧಕರು ಕಳುಹಿಸಿದ ಲೇಖನವನ್ನು ಸಂಪಾದಕರು ಮೊದಲು ಪರಿಶೀಲಿಸುತ್ತಾರೆ. ನಂತರ ಅದೇ ವಿಷಯದ ಇತರ ತಜ್ಞರಿಗೆ ಅಭಿಪ್ರಾಯಕ್ಕಾಗಿ ಕಳುಹಿಸಲಾಗುತ್ತದೆ. ಅವರ ಆಕ್ಷೇಪಣೆಗಳಿಗೆ ಲೇಖಕರು ಉತ್ತರಿಸಿ ತಿದ್ದುಪಡಿ ಮಾಡಿದ ತರುವಾಯ ಲೇಖನವನ್ನು ಅಂಗೀಕರಿಸಲಾಗುತ್ತದೆ ಅಥವಾ ತಿರಸ್ಕರಿಸಲಾಗುತ್ತದೆ. ಪ್ರಕಟಣೆಯ ನಂತರ ತಪ್ಪು ಕಂಡುಬಂದಲ್ಲಿ ತಿದ್ದುಪಡಿ ಪ್ರಕಟಿಸುವ, ಗಂಭೀರ ದೋಷವಿದ್ದಲ್ಲಿ ಲೇಖನವನ್ನೇ ಹಿಂಪಡೆಯುವ ಪದ್ಧತಿಯೂ ಇದೆ.

4. ಓದುವಾಗ ಗಮನಿಸಬೇಕಾದ ಅಂಶಗಳು

• ಲೇಖನದ ಬಗೆ: ಒಬ್ಬಿಬ್ಬರು ರೋಗಿಗಳ ಪ್ರಕರಣದ ವರದಿಗಿಂತ, ಅನೇಕರನ್ನು ಗುಂಪುಗಳಾಗಿ ವಿಂಗಡಿಸಿ ಹೋಲಿಸಿದ ಅಧ್ಯಯನಕ್ಕೆ ಹೆಚ್ಚಿನ ತೂಕವಿರುತ್ತದೆ.
• ಭಾಗವಹಿಸಿದವರು: ಎಷ್ಟು ಜನರು, ಯಾವ ವಯಸ್ಸಿನವರು, ಯಾವ ಪ್ರದೇಶದವರು ಎಂಬುದನ್ನು ನೋಡಬೇಕು.
• ಹಣಕಾಸಿನ ಮೂಲ: ಔಷಧ ತಯಾರಕರ ನೆರವು ಪಡೆದಿದ್ದಲ್ಲಿ ಅದನ್ನು ಲೇಖನದಲ್ಲಿ ತಿಳಿಸಿರಬೇಕು.
• ನೋಂದಣಿ: ಔಷಧ ಪ್ರಯೋಗಗಳನ್ನು 2007ರಲ್ಲಿ ಆರಂಭವಾದ ಭಾರತೀಯ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ ವ್ಯವಸ್ಥೆಯಲ್ಲಿ ಮುಂಚಿತವಾಗಿ ನೋಂದಾಯಿಸುವುದು 2009ರಿಂದ ಕಡ್ಡಾಯವಾಗಿರುತ್ತದೆ. ಈ ದಾಖಲೆಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

5. ಸಂಶೋಧನೆಯಲ್ಲಿ ಭಾಗವಹಿಸುವವರ ಹಕ್ಕುಗಳು

ಸಂಶೋಧನೆಗೆ ಸೇರುವುದು ಸಂಪೂರ್ಣವಾಗಿ ಐಚ್ಛಿಕ. ಅದರ ಉದ್ದೇಶ, ವಿಧಾನ ಮತ್ತು ಅಪಾಯಗಳನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿದ ನಂತರವೇ ಒಪ್ಪಿಗೆ ಪಡೆಯಬೇಕು. ಯಾವುದೇ ಹಂತದಲ್ಲಿ ಕಾರಣ ನೀಡದೆ ಹೊರಬರಬಹುದು. ಇದರಿಂದ ದೊರೆಯಬೇಕಾದ ಸಾಮಾನ್ಯ ಚಿಕಿತ್ಸೆಗೆ ಬಾಧಕವಾಗತಕ್ಕದ್ದಲ್ಲ. ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮೋದನೆ ಇರಬೇಕು. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ಸ್ ನಿಯಮಗಳು, 2019ರಂತೆ, ಔಷಧ ಪ್ರಯೋಗದಿಂದ ಹಾನಿಯಾದಲ್ಲಿ ಉಚಿತ ವೈದ್ಯಕೀಯ ಆರೈಕೆ ಹಾಗೂ ಪರಿಹಾರಕ್ಕೆ ಅವಕಾಶವಿದೆ.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲೇಖನದಲ್ಲಿ ಓದಿದ ಔಷಧಿಯನ್ನು ಸ್ವತಃ ಆರಂಭಿಸಬಹುದೇ?
ಉತ್ತರ: ಇಲ್ಲ. ಲೇಖನವು ಒಂದು ಗುಂಪಿನ ಜನರ ಫಲಿತಾಂಶವನ್ನು ತಿಳಿಸುತ್ತದೆ. ಅದು ಯಾವುದೇ ವ್ಯಕ್ತಿಗೆ ಬರೆದ ಔಷಧ ಚೀಟಿಯಲ್ಲ. ಔಷಧಿಯನ್ನು ಆರಂಭಿಸುವ, ನಿಲ್ಲಿಸುವ ಅಥವಾ ಪ್ರಮಾಣ ಬದಲಿಸುವ ಮುನ್ನ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಮಾನದಂಡಗಳು ಆಗಾಗ್ಗೆ ಬದಲಾಗುವುದೇಕೆ?
ಉತ್ತರ: ಹೊಸ ಮಾಹಿತಿ ದೊರೆತಂತೆ ಹಳೆಯ ಅಂಕಿಗಳನ್ನು ಮರುಪರಿಶೀಲಿಸಲಾಗುತ್ತದೆ. ಭಾರತೀಯರ ಬೊಜ್ಜಿನ ವ್ಯಾಖ್ಯೆಯನ್ನು 2025ರಲ್ಲಿಯೂ ತಜ್ಞರು ಪರಿಷ್ಕರಿಸಿರುತ್ತಾರೆ. ಬದಲಾವಣೆಯು ಸಂಶೋಧನೆ ಮುಂದುವರಿದಿರುವುದರ ಲಕ್ಷಣವಾಗಿದೆ.

ಪ್ರಶ್ನೆ: ಲೇಖನ ಓದಲು ಬಾರದವರು ಏನು ಮಾಡಬೇಕು?
ಉತ್ತರ: ಸಂಶೋಧನೆಯ ಪ್ರಯೋಜನ ಪಡೆಯಲು ಲೇಖನ ಓದುವುದು ಅನಿವಾರ್ಯವಲ್ಲ. 30 ವರ್ಷ ಮೇಲ್ಪಟ್ಟವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅಸಾಂಕ್ರಾಮಿಕ ರೋಗಗಳ ತಪಾಸಣೆ ಮಾಡಿಸಿಕೊಳ್ಳಬಹುದು. ತಪಾಸಣೆಯ ವೇಳೆ ಸೊಂಟದ ಸುತ್ತಳತೆಯನ್ನೂ ಅಳೆಯುವಂತೆ ಕೋರಿ, ಚೀಟಿಯಲ್ಲಿರುವ ಅಂಕಿಗಳ ಅರ್ಥವನ್ನು ಸಿಬ್ಬಂದಿಯಿಂದ ಕೇಳಿ ತಿಳಿಯಬೇಕು. ಹಳೆಯ ಚೀಟಿಗಳನ್ನು ಜೋಪಾನವಾಗಿಟ್ಟು ಪ್ರತಿ ಭೇಟಿಯಲ್ಲಿಯೂ ಹಾಜರುಪಡಿಸಬೇಕು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.