ದುಡಿಯುವವರ ಆರೋಗ್ಯಕ್ಕೊಂದು ಸರಕಾರಿ ಸಂಶೋಧನಾ ಸಂಸ್ಥೆ: ಬೆಳೆದು ಬಂದ ದಾರಿ

ಸೋಲಾಪುರ: ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ 2025ರ ಮೇ 18ರ ಬೆಳಗಿನ ಜಾವ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಜನ ಸತ್ತದ್ದನ್ನು ನಮ್ಮ ಭಾಗದವರು ಮರೆತಿಲ್ಲ. ಬೆಂಕಿ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ, ಪಂಚನಾಮೆ ಆಗುತ್ತದೆ. ಆದರೆ ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವರ ಎದೆಯಲ್ಲಿ ಕೂತ ಹತ್ತಿಯ ಧೂಳಿಗೆ, ಮಂದವಾದ ಕಿವಿಗೆ, ಕುಂಭಾರಿಯ ಮನೆಗಳಲ್ಲಿ ದಿನವಿಡೀ ಬೀಡಿ ಕಟ್ಟುವ ತಾಯಂದಿರ ಬೆನ್ನುನೋವಿಗೆ ಯಾವ ಪಂಚನಾಮೆಯೂ ಇಲ್ಲ.

ಕೆಲಸದಿಂದ ಬರುವ ಇಂಥ ರೋಗಗಳನ್ನು ಅಭ್ಯಾಸ ಮಾಡಲೆಂದೇ ಕೇಂದ್ರ ಸರಕಾರದ ಒಂದು ಸಂಸ್ಥೆ ಇದೆ. ಅದೇ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಚಿಕ್ಕದಾಗಿ ಎನ್‌ಐಒಎಚ್. ಅದು ಹುಟ್ಟಿದ ಬಗೆ, ಮಾಡಿದ ಕೆಲಸ, ಅದರ ಅಧಿಕಾರದ ಮಿತಿ ಇವನ್ನು ಓದುಗರ ಮಾಹಿತಿಗಾಗಿ ಇಲ್ಲಿ ಕೊಡಲಾಗಿದೆ.

ಹುಟ್ಟಿದ ಕಾಲ

ನಮ್ಮ ದೇಶದಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. 1945ರಲ್ಲಿ ಕೇಂದ್ರ ಕಾರ್ಮಿಕ ಇಲಾಖೆಯಲ್ಲಿ ಕಾರ್ಖಾನೆಗಳ ಮುಖ್ಯ ಸಲಹೆಗಾರರ ಕಚೇರಿ ತೆರೆಯಿತು. ಮುಂದೆ ಅದೇ ಡಿಜಿಫಾಸ್ಲಿ ಎಂಬ ಮಹಾನಿರ್ದೇಶನಾಲಯವಾಗಿ ಬೆಳೆಯಿತು. ಮುಂಬಯಿಯ ಸಾಯನ್‌ನಲ್ಲಿರುವ ಕೇಂದ್ರ ಕಾರ್ಮಿಕ ಸಂಸ್ಥೆ ಇದರದ್ದೇ. ಯಂತ್ರಗಳ ಸುರಕ್ಷೆ, ತರಬೇತಿ, ಕಾರ್ಖಾನೆಗಳಿಗೆ ಸಲಹೆ ಇವು ಅಲ್ಲಿನ ಕೆಲಸ. 1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷಾ ಪರಿಷತ್ತು ಸ್ಥಾಪನೆಯಾಯಿತು. ಇಂದಿಗೂ ಕಾರ್ಖಾನೆಗಳ ಗೇಟಿಗೆ ಮಾರ್ಚ್ 4ರಂದು ಸುರಕ್ಷಾ ದಿನದ ಫಲಕ ತೂಗುವುದು ಅದರ ನೆನಪಿಗೆ.

ಅದೇ 1966ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) ಅಹಮದಾಬಾದಿನ ಬಿ.ಜೆ. ಮೆಡಿಕಲ್ ಕಾಲೇಜಿನಲ್ಲಿ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿತು. ಅಹಮದಾಬಾದ್ ಆಗ ನಮ್ಮ ಸೋಲಾಪುರದ ಹಾಗೆ ಹತ್ತಿ ಗಿರಣಿಗಳ ಊರು. 1970ರಲ್ಲಿ ಸಂಸ್ಥೆಗೆ ಈಗಿನ ಹೆಸರು ಬಂತು. ಅಮೆರಿಕದಲ್ಲಿ ಇದೇ ಕೆಲಸ ಮಾಡುವ ಎನ್‌ಐಒಎಸ್‌ಎಚ್ ಎಂಬ ಸಂಸ್ಥೆಗೆ ಆಧಾರವಾದ ಕಾಯ್ದೆಯೂ 1970ರದ್ದೇ. 1977ರಲ್ಲಿ ಬೆಂಗಳೂರಿನಲ್ಲಿ, 1980ರಲ್ಲಿ ಕೋಲ್ಕತ್ತದಲ್ಲಿ ಪ್ರಾದೇಶಿಕ ಕೇಂದ್ರಗಳು ತೆರೆದವು.

ಗಣಿಯಿಂದ ಬಂದ ಕೂಸು

ಈ ಕತೆಯಲ್ಲಿ ಕೋಲಾರ ಚಿನ್ನದ ಗಣಿಗೂ ಪಾಲಿದೆ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಗಣಿಯಲ್ಲಿ ದುಡಿಯುವವರ ಶಾಪ. 1990ರಲ್ಲಿ ಕೆಜಿಎಫ್‌ನಲ್ಲಿ ಗಣಿ ಕಾರ್ಮಿಕರಿಗಾಗಿಯೇ ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 2001ರಲ್ಲಿ ಗಣಿ ಮುಚ್ಚಿತು. ಈ ಸಂಸ್ಥೆಯ ಕೆಲಸ ನಾಗಪುರದಿಂದ ನಡೆಯುತ್ತ ಬಂತು. 2019ರಲ್ಲಿ ಕೇಂದ್ರ ಸಚಿವ ಸಂಪುಟ ಇದನ್ನು ಎನ್‌ಐಒಎಚ್‌ನಲ್ಲಿ ವಿಲೀನಗೊಳಿಸಲು ಒಪ್ಪಿಗೆ ಕೊಟ್ಟಿತು.

ಕಂಡುಕೊಂಡದ್ದೇನು?

ಗಿರಣಿ ಕಾರ್ಮಿಕರ ಬಿಸಿನೋಸಿಸ್ ಈ ಸಂಸ್ಥೆಯ ಮುಖ್ಯ ಅಭ್ಯಾಸಗಳಲ್ಲಿ ಒಂದು. ಹತ್ತಿ ಬಿಡಿಸುವ, ಹಿಂಜುವ ವಿಭಾಗಗಳಲ್ಲಿ ಇದು ಹೆಚ್ಚು. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುವುದು ಇದರ ಗುರುತು. ಮೊದಮೊದಲು ಮರುದಿನ ಸರಿಹೋದಂತೆ ಕಾಣುತ್ತದೆ. ವರ್ಷಗಳು ಕಳೆದಂತೆ ಉಸಿರಾಟದ ತೊಂದರೆ ಕಾಯಂ ಆಗುತ್ತದೆ.

ನಾವೆಲ್ಲ ಪಾಟಿಯ ಮೇಲೆ ಬರೆದ ಬಳಪವನ್ನು ಕೊಯ್ಯುತ್ತಿದ್ದ ಮಧ್ಯಪ್ರದೇಶದ ಮಂದಸೌರಿನ ಕಾರ್ಮಿಕರಲ್ಲಿ ಸಿಲಿಕೋಸಿಸ್ ಎಷ್ಟು ಹಬ್ಬಿದೆ ಎಂದು ಸಂಸ್ಥೆ 1980ರ ದಶಕದಲ್ಲಿ ತೋರಿಸಿತು. ಗುಜರಾತಿನ ಖಂಭಾತದಲ್ಲಿ ಅಕೀಕ್ ಕಲ್ಲು ಉಜ್ಜುವವರಿಗಾಗಿ ಧೂಳು ಹೀರುವ ಸಾಧನ ರೂಪಿಸಿತು. ಹಸಿ ತಂಬಾಕು ಕೊಯ್ಯುವವರ ಚರ್ಮದ ಮೂಲಕ ನಿಕೋಟಿನ್ ಮೈಗೆ ಸೇರಿ ವಾಂತಿ, ತಲೆಸುತ್ತು ಬರುವುದನ್ನು ಗುಜರಾತಿನಲ್ಲಿ ಅಭ್ಯಸಿಸಿ, ಕೈಗವಸು ಹಾಕಿಕೊಂಡರೆ ಅದು ತಗ್ಗುತ್ತದೆ ಎಂದು ಹೇಳಿತು.

ಗಡಿಯ ಇನ್ನೊಂದು ಕನ್ನಡ ಊರು

ಕಾಸರಗೋಡು ಜಿಲ್ಲೆಯ ಪಡ್ರೆ ನಮ್ಮಂತೆಯೇ ಗಡಿಯ ಊರು. ಅಲ್ಲಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಮಕ್ಕಳ ಕಾಯಿಲೆಗಳ ಬಗ್ಗೆ ಕೂಗೆದ್ದಾಗ 2001ರಲ್ಲಿ ಎನ್‌ಐಒಎಚ್ ತಂಡ ಅಲ್ಲಿಗೆ ಹೋಯಿತು. ಪಡ್ರೆಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಕೀಟನಾಶಕ ತಯಾರಕರು ಇದನ್ನು ಒಪ್ಪಲಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಊರಿನವರು ಬಹಳ ದಿನದಿಂದ ಹೇಳುತ್ತಿದ್ದ ಮಾತಿಗೆ ಸರಕಾರಿ ಸಂಸ್ಥೆಯ ಅಳತೆ ಬಲ ಕೊಟ್ಟಿತ್ತು.

ಅಧಿಕಾರ ಯಾರದು?

ಇಲ್ಲಿ ಒಂದು ಮಾತು ತಿಳಿದಿರಬೇಕು. ಎನ್‌ಐಒಎಚ್ ಅಭ್ಯಾಸ ಮಾಡುತ್ತದೆ, ಸಲಹೆ ಕೊಡುತ್ತದೆ. ಅದು ಯಾವ ಮಾಲಕನಿಗೂ ದಂಡ ಹಾಕಲಾರದು, ಯಾವ ಶೆಡ್ಡಿಗೂ ಬೀಗ ಜಡಿಯಲಾರದು. ಕಾರ್ಖಾನೆಗಳ ತಪಾಸಣೆ ಮಹಾರಾಷ್ಟ್ರದಲ್ಲಿ ‘ಔದ್ಯೋಗಿಕ ಸುರಕ್ಷಾ ವ ಆರೋಗ್ಯ ಸಂಚಾಲನಾಲಯ’ದ ಕೆಲಸ.

1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷಾ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಬಿಸಿನೋಸಿಸ್, ಸಿಲಿಕೋಸಿಸ್, ಸದ್ದಿನಿಂದ ಬರುವ ಕಿವುಡುತನ ಇವು ಹಳೆಯ ಕಾಯ್ದೆಯಂತೆ ಹೊಸದರಲ್ಲೂ ವರದಿ ಮಾಡಲೇಬೇಕಾದ ರೋಗಗಳು. ನೋಡಿದ ವೈದ್ಯರೂ ತಿಳಿಸಬೇಕು. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ತಪಾಸಣೆ ಎಂದೂ ಸರಕಾರ ಹೇಳಿದೆ. ಆದರೆ ವಿದ್ಯುತ್ ಬಳಸುವ ಜಾಗ ‘ಕಾರ್ಖಾನೆ’ ಎನಿಸಿಕೊಳ್ಳಲು 1948ರ ಕಾಯ್ದೆಯಲ್ಲಿ 10 ಜನ ಸಾಕಿತ್ತು, ಸಂಹಿತೆಯಲ್ಲಿ 20 ಜನ ಬೇಕು. ನಾಲ್ಕಾರು ಜನರ ಮಗ್ಗದ ಶೆಡ್ಡುಗಳು ಅಂದೂ ಹೊರಗೆ, ಇಂದೂ ಹೊರಗೆ.

ದವಾಖಾನೆಗೆ ಹೋದಾಗ

ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದ ಸೋಲಾಪುರಕ್ಕೆ ಕೆಲಸಕ್ಕೆ ಹೋಗುವವರು ಕೆಮ್ಮು, ದಮ್ಮು ಎಂದು ದವಾಖಾನೆಗೆ ಹೋದಾಗ ಗುಳಿಗೆ ತಂದುಕೊಂಡು ಸುಮ್ಮನಾಗುತ್ತಾರೆ. ಯಾವ ಕೆಲಸ, ಎಷ್ಟು ವರ್ಷ, ಯಾವ ಧೂಳು, ರಜೆಯ ದಿನ ಹಗುರಾಗುತ್ತದೆಯೆ ಎಂಬುದನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಡಾಕ್ಟರಿಗೆ ಬಿಡಿಸಿ ಹೇಳಿ, ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಬೇಕು. ಇಎಸ್‌ಐ ಕಾರ್ಡು ಇದ್ದವರಿಗೆ ಪರಿಹಾರ ಕೇಳಲು ಈ ಬರಹವೇ ಆಧಾರ. ಬರೆದಿಡದ ರೋಗ ಸರಕಾರದ ಲೆಕ್ಕಕ್ಕೆ ಬರುವುದಿಲ್ಲ, ಸಂಶೋಧಕರ ಕಣ್ಣಿಗೂ ಬೀಳುವುದಿಲ್ಲ.